ಔಷಧದಾನದ ಪರಂಪರೆ ಮತ್ತು ಮನೆಯ ಮೊಲ

1623ನೆಯ ಇಸವಿಯಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ರೋಮ್ ನಗರದ ಪ್ರವಾಸಿಯು ಗುಜರಾತಿನ ಖಂಭಾತ ಬಂದರಿಗೆ ಬಂದನು. ಅಲ್ಲಿಯ ಪ್ರಾಣಿಗಳ ಚಿಕಿತ್ಸಾಲಯಗಳನ್ನು ನೋಡಬೇಕೆಂಬುದು ಅವನ ಕುತೂಹಲವಾಗಿತ್ತು. ಗಾಯಗೊಂಡ ಹಕ್ಕಿಗಳ ನಡುವೆ ಅವನು ಕಂಡ ಒಂದು ದೃಶ್ಯವು ಅವನ ಪ್ರವಾಸಪತ್ರಗಳಲ್ಲಿ ಉಳಿದುಬಂದಿದೆ. ತಾಯಿಯನ್ನು ಕಳೆದುಕೊಂಡ ಕೆಲವು ಇಲಿಮರಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಇಡಲಾಗಿತ್ತು. ಬಿಳಿಗಡ್ಡದ ವೃದ್ಧನೊಬ್ಬನು ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ಹಕ್ಕಿಯ ಗರಿಯೊಂದನ್ನು ಹಾಲಿನಲ್ಲಿ ಅದ್ದಿ ಆ ಮರಿಗಳ ಬಾಯಿಗೆ ಮುಟ್ಟಿಸುತ್ತಿದ್ದನು. ಅವು ಬೇರೇನನ್ನೂ ತಿನ್ನಲಾರದಷ್ಟು ಎಳೆಯವಾಗಿದ್ದವು. ದೊಡ್ಡವಾದ ಮೇಲೆ ಅವನ್ನು ಬಿಟ್ಟುಬಿಡಬೇಕೆಂಬುದು ಆ ವೃದ್ಧನ ಉದ್ದೇಶವಾಗಿತ್ತು.

ಅದೇ ವರ್ಷದ ಕೊನೆಯಲ್ಲಿ ಈ ಪ್ರವಾಸಿಯು ಕನ್ನಡ ನಾಡಿಗೂ ಬಂದನು. ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿದನು. ಕರಾವಳಿಯಲ್ಲಿ ಜೈನ ಚೌಟ ಮನೆತನದ ಉಳ್ಳಾಲದ ರಾಣಿಯನ್ನು ಕಂಡನು. ಅರಸರ ವೈಭವವನ್ನು ಕುರಿತು ಅವನು ಬರೆದುದು ಇತಿಹಾಸಕಾರರಿಗೆ ಉಪಯುಕ್ತವಾಗಿದೆ. ಆದರೆ ಧರ್ಮವನ್ನು ಆಚರಣೆಯಲ್ಲಿ ಕಾಣಬಯಸುವವರಿಗೆ ಖಂಭಾತದ ಆ ಗರಿಯೇ ಹೆಚ್ಚಿನದು. ಏಕೆಂದರೆ ಆ ಒಂದು ಕ್ರಿಯೆಯಲ್ಲಿ ಮೂರು ಅಂಶಗಳು ಕೂಡಿದ್ದವು. ಆ ಜೀವಿಯು ಏನನ್ನು ತಿನ್ನಬಲ್ಲದು ಎಂಬ ಅರಿವು ಮೊದಲನೆಯದು. ಅದಕ್ಕೆ ಒಗ್ಗುವ ರೀತಿಯಲ್ಲಿಯೇ ಉಣಿಸುವ ಆರೈಕೆ ಎರಡನೆಯದು. ಹಾಲು, ಹತ್ತಿ, ಆ ವೃದ್ಧನ ಹೊತ್ತು, ಇವುಗಳ ವೆಚ್ಚವನ್ನು ಯಾರೋ ಮುಂದಾಗಿ ಹೊತ್ತಿದ್ದುದು ಮೂರನೆಯದು. ಈ ಮೂರರಲ್ಲಿ ಒಂದು ತಪ್ಪಿದರೂ ದಯೆಯು ಕೇವಲ ಮನಸ್ಸಿನ ಮಾತಾಗಿ ಉಳಿಯುತ್ತದೆ.

ಈ ಪ್ರಸಂಗವನ್ನು ಇಂದು ದಾವಣಗೆರೆಯಂಥ ಊರಿನಲ್ಲಿ ನೆನೆಯುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ನಗರದ ಹೊರಗಿನ ಹಳ್ಳಿಯಾಗಿದ್ದ ಶಾಮನೂರು ಈಗ ನಗರದೊಳಗೆ ಸೇರಿಹೋಗಿದೆ. ಹೊಲಗಳಿದ್ದ ಕಡೆ ಬಡಾವಣೆಗಳೆದ್ದಿವೆ. ದನದ ಕೊಟ್ಟಿಗೆಯಿಲ್ಲದ ಈ ಹೊಸ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಮೊಲದ ಮರಿಗಳು ಬಂದು ಸೇರುವುದುಂಟು. ನಾಯಿಯಂತೆ ಬೊಗಳದ, ಬೆಕ್ಕಿನಂತೆ ಬೇಟೆಯಾಡದ, ಹುಲ್ಲು ಸೊಪ್ಪು ತಿಂದು ಬದುಕುವ ಈ ಜೀವಿಯು ಅಹಿಂಸಾವ್ರತಿಗಳ ಮನೆಗೆ ಒಪ್ಪುವಂಥದೆಂದು ತೋರುವುದು ಸಹಜ. ಆದರೆ ಒಂದು ರಾತ್ರಿ ಅದು ತಿನ್ನುವುದನ್ನು ನಿಲ್ಲಿಸಿ ಮೂಲೆಯಲ್ಲಿ ಮುದುಡಿ ಕುಳಿತಾಗ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಬೆಳಗಾಗಲೆಂದು ಕಾಯುತ್ತಾರೆ. ಎಷ್ಟೋ ವೇಳೆ ಬೆಳಗಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ವೈದ್ಯರು ಸಿಕ್ಕರೂ, ಕೆಲವು ನೂರು ರೂಪಾಯಿಗೆ ತಂದ ಪ್ರಾಣಿಗೆ ಅದರ ಹಲವು ಪಟ್ಟು ವೆಚ್ಚ ಮಾಡಬೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಯು ಹೊಸದಾಗಿ ಕಂಡರೂ ಇದಕ್ಕೆ ಉತ್ತರವನ್ನು ಹುಡುಕಿದ ಪರಂಪರೆಯು ಹಳೆಯದು.

ಶಾಸನ ಮತ್ತು ಶಾಸ್ತ್ರ

1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ದಾವಣಗೆರೆಯೂ ಇದೇ ಜಿಲ್ಲೆಗೆ ಸೇರಿತ್ತು. ತಂದೆತಾಯಿಗಳ ಸೇವೆ, ಸತ್ಯವಚನ ಇವುಗಳ ಜೊತೆಯಲ್ಲಿಯೇ ಜೀವಿಗಳ ವಿಷಯದಲ್ಲಿ ದೃಢವಾದ ದಯೆಯಿರಬೇಕೆಂದು ಆ ಶಾಸನವು ವಿಧಿಸುತ್ತದೆ. ಅಶೋಕನ ಎರಡನೆಯ ಬಂಡೆ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನುಷ್ಯರಿಗೊಂದು, ಪಶುಗಳಿಗೊಂದು ಎಂದು ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಔಷಧದ ಗಿಡಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಅದು ಹೇಳುತ್ತದೆ. ಅಶೋಕನು ಬೌದ್ಧನಾಗಿದ್ದರೂ ಈ ಮಾತು ಯಾವ ಒಂದು ಮತಕ್ಕೂ ಸೀಮಿತವಲ್ಲ. ದಯೆಯು ಗಿಡ ನೆಡುವಷ್ಟು ಮುಂದಾಲೋಚನೆಯನ್ನು ಬೇಡುತ್ತದೆ ಎಂಬುದನ್ನು ಅದು ಬಂಡೆಯ ಮೇಲೆ ಬರೆಯಿಸಿತು.

ಜೈನ ಪರಂಪರೆಯಲ್ಲಿ ದಾನವು ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಾಲ್ಕು ಬಗೆ. ಇವುಗಳಲ್ಲಿ ಔಷಧದಾನಕ್ಕೆ ಕರ್ನಾಟಕದ ಜೈನ ವಿದ್ವಾಂಸರು ಸಲ್ಲಿಸಿದ ಸೇವೆಯು ಅಪಾರವಾದುದು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿ, ಔಷಧದ ಹೆಸರಿನಲ್ಲಿಯೂ ಮಾಂಸವು ಅಗತ್ಯವಲ್ಲವೆಂದು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದರು. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಆ ಕಾಲದ ರೂಢಿಯಂತೆ ಅದರಲ್ಲಿ ಮದ್ದಿನೊಡನೆ ಮಂತ್ರಗಳೂ ಇವೆ. ಆದರೂ ಅರಸುಮನೆತನದ ಜೈನನೊಬ್ಬನು ದನದ ಕಾಯಿಲೆಗಳನ್ನು ಕುರಿತು ಜನರ ಭಾಷೆಯಲ್ಲಿ ಗ್ರಂಥ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ. ಮುಂದೆ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಬರೆದನು. ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಹದಿನಾಲ್ಕನೆಯ ಶತಮಾನದ್ದು.

ಈ ಪರಂಪರೆಯನ್ನು ಗೌರವಿಸುವಾಗಲೇ ಅದರ ಮಿತಿಯನ್ನೂ ಗಮನಿಸಬೇಕು. ಪ್ರಾಣಿವೈದ್ಯ ಗ್ರಂಥಗಳು ಹುಟ್ಟಿದುದು ಹೆಚ್ಚಾಗಿ ಗೋವು, ಕುದುರೆ, ಆನೆಗಳಿಗಾಗಿ. ಇವು ಹಾಲು, ಉಳುಮೆ, ಯುದ್ಧಗಳಿಗೆ ಬೇಕಾದವು. ಆಧುನಿಕ ಪಶುವೈದ್ಯವೂ ಇದೇ ದಾರಿಯಲ್ಲಿ ಬೆಳೆಯಿತು. 1889ರಲ್ಲಿ ಪುಣೆಯಲ್ಲಿ ಸರ್ಕಾರದ ಸೂಕ್ಷ್ಮಾಣು ಪ್ರಯೋಗಾಲಯವು ಸ್ಥಾಪಿತವಾಯಿತು. 1925ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಎರಡಕ್ಕೂ ಮುಖ್ಯ ಕಾರಣ ದನಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ದೊಡ್ಡರೋಗ. ಆ ರೋಗವು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾದುದು ಮಾನವಪ್ರಯತ್ನದ ಒಂದು ದೊಡ್ಡ ಗೆಲುವು. ಆದರೆ ದನಕರುಗಳಿಗಾಗಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಮೊಲದಂಥ ಸಣ್ಣ ಜೀವಿಯನ್ನು ಬಲ್ಲ ವೈದ್ಯರು ವಿರಳ. ಮೊಲದ ಚಿಕಿತ್ಸೆಗೆ ಹೆಚ್ಚು ಹಣ ಬೇಕಾಗುವುದಕ್ಕೂ, ಕೆಲವೊಮ್ಮೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ಕಡೆಗೆ ನೋಡಬೇಕಾಗುವುದಕ್ಕೂ ಮೂಲಕಾರಣ ಇದೇ. ಉಪಯೋಗಕ್ಕೆ ಬರುವ ಪ್ರಾಣಿಗೆ ಸಮಾಜವು ವೈದ್ಯವನ್ನು ಕಟ್ಟಿಕೊಟ್ಟಿದೆ. ಉಪಯೋಗಕ್ಕೆ ಬಾರದ ಪ್ರಾಣಿಯ ಹೊಣೆಯನ್ನು ದಯೆಯೇ ಹೊರಬೇಕಾಗಿದೆ. ಖಂಭಾತದ ಇಲಿಮರಿಗಳಿಂದಲೂ ಯಾರಿಗೂ ಉಪಯೋಗವಿರಲಿಲ್ಲ.

ಮೊಲದ ಹೊಟ್ಟೆಯ ರೀತಿ

ಅರಿವಿಲ್ಲದೆ ಆರೈಕೆಯಿಲ್ಲ. ಮನೆಯಲ್ಲಿ ಸಾಕುವ ಮೊಲವು ದಾವಣಗೆರೆ, ಹರಿಹರಗಳ ಹೊಲದ ಬದುಗಳಲ್ಲಿ ಓಡಾಡುವ ಕಾಡುಮೊಲವಲ್ಲ. ಅದರ ಮೂಲ ಯೂರೋಪಿನ ಸ್ಪೇನ್, ಪೋರ್ಚುಗಲ್ ದೇಶಗಳ ಸೀಮೆ. ನಮ್ಮ ನಾಡಿನ ಕಾಡುಮೊಲದ ಮರಿಯು ಮೈತುಂಬ ಕೂದಲಿನೊಡನೆ ಕಣ್ತೆರೆದೇ ಹುಟ್ಟುತ್ತದೆ. ಸಾಕುಮೊಲದ ಮರಿಯು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಆದ್ದರಿಂದ ಸಾಕುಮೊಲಗಳನ್ನು ಕೊಂಡು ಬಯಲಿಗೆ ಬಿಡುವುದು ಅಭಯದಾನವಲ್ಲ. ಅಲ್ಲಿ ಅದಕ್ಕೆ ಅಡಗುವ ಬಿಲವಿಲ್ಲ, ನಾಯಿಗಳಿಂದ ತಪ್ಪಿಸಿಕೊಳ್ಳುವ ಅಭ್ಯಾಸವೂ ಇಲ್ಲ.

ಮೊಲದ ಜೀರ್ಣಕ್ರಿಯೆಯು ಎಡೆಬಿಡದೆ ನಡೆಯಬೇಕಾದ ಒಂದು ಚಕ್ರ. ಅದು ನಾರುಳ್ಳ ಹುಲ್ಲನ್ನು ದಿನದ ಬಹುಭಾಗ ಮೇಯುತ್ತಿರಬೇಕು. ಕರುಳಿನ ಒಂದು ಬದಿಗೆ ಸೇರಿಕೊಂಡಿರುವ ದೊಡ್ಡ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಆ ಹುಲ್ಲನ್ನು ಹುಳಿಸಿ ಪೋಷಕಾಂಶಗಳನ್ನು ಒದಗಿಸುತ್ತವೆ. ಹೀಗೆ ಸಿದ್ಧವಾದ ಮೆತ್ತನೆಯ ಹಿಕ್ಕೆಯನ್ನು ಮೊಲವು ಮತ್ತೆ ತಿನ್ನುತ್ತದೆ. ಇದು ಹೊಲಸಲ್ಲ, ಅದರ ಆಹಾರದ ಒಂದು ಭಾಗ, ತಡೆಯಬಾರದು. ಹೊರಗೆ ಕಾಣುವ ದುಂಡಗಿನ ಒಣ ಹಿಕ್ಕೆಗಳು ಬೇರೆ. ಅವುಗಳ ಸಂಖ್ಯೆಯೂ ಗಾತ್ರವೂ ಮೊಲದ ಆರೋಗ್ಯವನ್ನು ಹೇಳುತ್ತವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದುದು ಮುಂದೆಯೇ ಸಾಗಬೇಕು.

ಈ ಚಕ್ರವು ನಿಲ್ಲುವುದಕ್ಕೆ ಕಾರಣಗಳು ಹಲವು. ಹುಲ್ಲಿನ ಬದಲಿಗೆ ಬಿಸ್ಕತ್ತು, ಬ್ರೆಡ್ಡು, ಅನ್ನ, ಸಿಹಿಹಣ್ಣು, ದಾವಣಗೆರೆಯ ಮನೆಗಳಲ್ಲಿ ಎಂದೂ ಇರುವ ಮಂಡಕ್ಕಿ ಇವುಗಳನ್ನು ಪ್ರೀತಿಯಿಂದ ತಿನ್ನಿಸುವುದು ಒಂದು. ಸದಾ ಬೆಳೆಯುವ ಹಲ್ಲುಗಳು ಹುಲ್ಲನ್ನು ಅಗಿಯದೆ ಸವೆಯದಾಗಿ ಬಾಯಿಯನ್ನು ಚುಚ್ಚುವುದು ಇನ್ನೊಂದು. ನೀರಿನ ಕೊರತೆ, ಬೇಸಿಗೆಯ ಸೆಕೆ, ಹೆದರಿಕೆ, ದೇಹದ ಬೇರೆಲ್ಲಿಯಾದರೂ ಇರುವ ನೋವು ಇವೂ ಕಾರಣಗಳೇ. ಕರುಳು ಚಲಿಸದೆ ನಿಂತಾಗ ಒಳಗೆ ಗಾಳಿ ತುಂಬಿ ನೋವಾಗುತ್ತದೆ. ನೋವಿನಿಂದ ಮೊಲವು ತಿನ್ನುವುದಿಲ್ಲ. ತಿನ್ನದಿರುವುದರಿಂದ ಕರುಳು ಇನ್ನಷ್ಟು ನಿಲ್ಲುತ್ತದೆ. ಸುಮಾರು ಹನ್ನೆರಡು ಗಂಟೆಗಳ ಕಾಲ ಮೊಲವು ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಅದನ್ನು ತುರ್ತುಸ್ಥಿತಿಯೆಂದೇ ತಿಳಿಯಬೇಕು. ಹಲ್ಲು ಕಡಿಯುವುದು, ಬೆನ್ನು ಬಾಗಿಸಿ ಮುದುಡಿ ಕೂರುವುದು, ಕಿವಿ ತಣ್ಣಗಾಗುವುದು ಇವು ಅದರ ಮೌನಭಾಷೆ. ಹೊಟ್ಟೆಯು ಹಠಾತ್ತನೆ ಉಬ್ಬಿ ಬಿಗಿಯಾದರೆ ಹನ್ನೆರಡು ಗಂಟೆಯನ್ನೂ ಕಾಯುವಂತಿಲ್ಲ.

ವೈದ್ಯರು ಮೊದಲು ಕರುಳು ಕೇವಲ ನಿಂತಿದೆಯೋ ಅಥವಾ ಏನಾದರೂ ಸಿಕ್ಕಿಕೊಂಡು ಮುಚ್ಚಿದೆಯೋ ಎಂಬುದನ್ನು ಪರೀಕ್ಷಿಸುತ್ತಾರೆ, ಎಕ್ಸ್‌ರೇ ಬೇಕಾಗಬಹುದು. ಅನಂತರ ಮೈಯನ್ನು ಬೆಚ್ಚಗಾಗಿಸುವುದು, ದ್ರವ ಕೊಡುವುದು, ನೋವು ಕಳೆಯುವುದು, ನಾರುಳ್ಳ ಆಹಾರವನ್ನು ಅರೆದು ಸೂಜಿಯಿಲ್ಲದ ಸಿರಿಂಜಿನಿಂದ ಸ್ವಲ್ಪಸ್ವಲ್ಪವಾಗಿ ಉಣಿಸುವುದು, ಇದು ಚಿಕಿತ್ಸೆಯ ಕ್ರಮ. ಕರುಳು ಮುಚ್ಚಿದ್ದರೆ ಒತ್ತಾಯದಿಂದ ಉಣಿಸುವುದು ಅಪಾಯಕರವಾದುದರಿಂದ ಪರೀಕ್ಷೆಗೆ ಮುಂಚೆ ಮನೆಮದ್ದು ಸಲ್ಲದು. ಬಾಯಿಗೆ ಸುರಿದ ಎಣ್ಣೆ, ಕಷಾಯಗಳು ಶ್ವಾಸಕೋಶವನ್ನು ಸೇರುವ ಭಯವೂ ಉಂಟು. ಮನುಷ್ಯರಿಗಾಗಿ ತಂದಿಟ್ಟ ಅಮಾಕ್ಸಿಸಿಲಿನ್‌ನಂಥ ಔಷಧವನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು. ಖಂಭಾತದ ಗರಿಯ ಸ್ಥಾನಕ್ಕೆ ಇಂದು ಸಿರಿಂಜು ಬಂದಿದೆ. ಅದನ್ನು ಹಿಡಿಯುವ ಕೈಗೆ ಬೇಕಾದ ತಾಳ್ಮೆಯು ಅಂದಿನಷ್ಟೇ ಇದೆ.

ಅನ್ನಪಾನನಿರೋಧ

ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು ಇವು ನಾಲ್ಕು, ಅನ್ನಪಾನನಿರೋಧವು ಐದನೆಯದು. ಈ ಐದೂ ಮುಖ್ಯವಾಗಿ ಮನುಷ್ಯನ ಕೈಕೆಳಗಿರುವ ಜೀವಿಗಳಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಬೇಕು. ಕಾಡಿನ ಪ್ರಾಣಿಯ ಅನ್ನವನ್ನು ಗೃಹಸ್ಥನು ತಡೆಯುವ ಸಂದರ್ಭ ವಿರಳ. ಗೂಡಿನಲ್ಲಿಟ್ಟ ಪ್ರಾಣಿಯ ಅನ್ನವು ಮಾತ್ರ ಪೂರ್ತಿಯಾಗಿ ಅವನ ಕೈಯಲ್ಲಿದೆ. ಬೇಕೆಂದೇ ಹಸಿವಿಗೆ ಕೆಡಹುವ ಶ್ರಾವಕನಿರಲಾರನು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಅದೇ ಗ್ರಂಥವು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಮೊಲಕ್ಕೆ ಮಂಡಕ್ಕಿಯನ್ನು ಸುರಿದು ಹುಲ್ಲನ್ನು ಕೊಡದಿರುವುದು ತಟ್ಟೆ ತುಂಬಿದ್ದರೂ ಅನ್ನಪಾನನಿರೋಧವೇ ಆಗುತ್ತದೆ.

ಜೈನ ಮನೆಗಳಲ್ಲಿ ಮಾತ್ರ ಏಳಬಹುದಾದ ಎರಡು ಸಂದೇಹಗಳನ್ನು ಇಲ್ಲಿ ವಿಚಾರಿಸುವುದು ಉಚಿತ. ಸೂರ್ಯಾಸ್ತದ ಅನಂತರ ಮನೆಯಲ್ಲಿ ಯಾರೂ ಉಣ್ಣದಿರುವಾಗ ಮೊಲದ ಮುಂದೆ ಹುಲ್ಲನ್ನಿಡಬಹುದೆ? ಪರ್ವತಿಥಿಗಳಲ್ಲಿ ಹಸಿರನ್ನು ತ್ಯಜಿಸಿದ ಮನೆಯಲ್ಲಿ ಅದಕ್ಕೆ ಸೊಪ್ಪನ್ನು ಕೊಡಬಹುದೆ? ಮೊಲವು ಹೆಚ್ಚಾಗಿ ಮೇಯುವುದು ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ ಮತ್ತು ರಾತ್ರಿಯಲ್ಲಿ. ಸಂಜೆಗೆ ಹುಲ್ಲನ್ನು ತೆಗೆದಿಟ್ಟರೆ ಅದರ ಕರುಳಿಗೆ ಬೇಕಾದ ಹೊತ್ತಿನಲ್ಲಿಯೇ ಆಹಾರ ತಪ್ಪಿದಂತಾಗುತ್ತದೆ. ವ್ರತವೆಂಬುದು ತಿಳಿದು, ಒಪ್ಪಿ, ಸಂಕಲ್ಪಿಸಿ ಸ್ವೀಕರಿಸಿದವನದು. ಒಪ್ಪಿಗೆಯನ್ನು ಕೊಡಲಾರದ ಜೀವಿಯ ಮೇಲೆ ಅದನ್ನು ಹೊರಿಸಿದರೆ ಹೊರಿಸಿದವನಿಗೆ ತಪಸ್ಸಿನ ಫಲವಿಲ್ಲ. ಅತಿಚಾರದ ದೋಷ ಮಾತ್ರ ಉಳಿಯುತ್ತದೆ. ಹುಲ್ಲು ಮತ್ತು ನೀರು ಹಗಲಿರುಳೂ ಅದರ ಮುಂದಿರಲಿ.

ಎರಡನೆಯ ಸಂದೇಹವು ಇನ್ನೂ ಸೂಕ್ಷ್ಮವಾದುದು. ಆಹಾರವನ್ನು ಬಿಟ್ಟು ಶಾಂತವಾಗಿ ಕುಳಿತ ಮೊಲವನ್ನು ಕಂಡು, ಅದು ತಾನಾಗಿಯೇ ದೇಹತ್ಯಾಗಕ್ಕೆ ಅಣಿಯಾಗಿದೆಯೆಂದು ಭಾವಿಸಿ ನಮೋಕಾರವನ್ನು ಹೇಳುತ್ತಾ ಕುಳಿತುಕೊಳ್ಳುವ ಹಿರಿಯರಿರಬಹುದು. ಅವರ ಭಾವವು ಪೂಜ್ಯವಾದುದು, ನಿರ್ಣಯವು ತಪ್ಪು. ಏಳನೆಯ ಶತಮಾನದಿಂದ ಶ್ರವಣಬೆಳಗೊಳದ ಚಂದ್ರಗಿರಿಯ ನಿಸಿಧಿ ಶಾಸನಗಳು ಸಾರುವ ಸಲ್ಲೇಖನವು ಪ್ರತೀಕಾರವಿಲ್ಲದ ಸ್ಥಿತಿಯಲ್ಲಿ, ಪೂರ್ಣ ಅರಿವಿನಿಂದ, ಗುರುವಿನ ಸನ್ನಿಧಿಯಲ್ಲಿ ಕೈಗೊಳ್ಳುವ ವ್ರತ. ಕರುಳು ನಿಂತ ಮೊಲವು ಅನ್ನವನ್ನು ತ್ಯಜಿಸಿಲ್ಲ, ನೋವಿನಿಂದ ತಿನ್ನಲಾರದಾಗಿದೆ. ಅದಕ್ಕೆ ಪ್ರತೀಕಾರವೂ ಇದೆ. ನಮೋಕಾರವನ್ನು ವೈದ್ಯರಲ್ಲಿಗೆ ಹೋಗುವ ದಾರಿಯಲ್ಲಿಯೂ ಹೇಳಬಹುದು.

ವೆಚ್ಚವನ್ನು ಹೊತ್ತವರು

ಇನ್ನು ಹಣದ ವಿಚಾರ. ಮುಂಬಯಿಯಲ್ಲಿ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸಿದಾಗ 1832ರಲ್ಲಿ ಪಾರ್ಸಿಗಳೂ ಜೈನರೂ ಹಿಂದೂಗಳೂ ಸೇರಿ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು, ಗಲಭೆಯೂ ನಡೆಯಿತು. ಆ ಕಿಚ್ಚು ಅಷ್ಟಕ್ಕೇ ಆರಿಹೋಗಲಿಲ್ಲ. 1834ರಲ್ಲಿ ಪಾರ್ಸಿ ದಾನಿ ಸರ್ ಜಮ್ಸೇಟ್‌ಜಿ ಜೀಜೀಭಾಯ್ ಮತ್ತು ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದ್ ಅವರ ಮುಂದಾಳುತನದಲ್ಲಿ ಮುಂಬಯಿಯ ಪಾಂಜರಾಪೋಳವು ಸ್ಥಾಪಿತವಾಯಿತು. ದೊಡ್ಡ ದಾನಗಳಿಂದ ಮನೆ, ಭೂಮಿ ದೊರೆತವು. ಆದರೆ ದಿನನಿತ್ಯದ ಹುಲ್ಲು, ನೀರು, ಆಳುಗಳ ಖರ್ಚಿಗೆ ವರ್ತಕರು ಕಂಡುಕೊಂಡ ಉಪಾಯವು ಬೇರೆ. ಹತ್ತಿ ಮೊದಲಾದ ಸರಕುಗಳ ವಹಿವಾಟಿನ ಮೇಲೆ ತಮ್ಮತಮ್ಮಲ್ಲಿಯೇ ಒಪ್ಪಿಕೊಂಡು ಒಂದು ಸಣ್ಣ 'ಲಾಗಾ'ವನ್ನು ಎತ್ತಿ ಜೀವದಯೆಯ ಖಾತೆಗೆ ಹಾಕಿದರು. ಯಾವ ಸರ್ಕಾರವೂ ವಿಧಿಸದ ತೆರಿಗೆಯನ್ನು ಅವರು ತಮಗೆ ತಾವೇ ವಿಧಿಸಿಕೊಂಡರು. ಒಬ್ಬನಿಗೂ ಹೊರೆಯಾಗದಷ್ಟು ಸಣ್ಣ ಮೊತ್ತವು ವರ್ಷಗಟ್ಟಲೆ ಸಾವಿರಾರು ಪ್ರಾಣಿಗಳನ್ನು ಸಾಕಿತು.

ಹತ್ತಿಯ ಗಿರಣಿಗಳಿಂದಲೇ ಹೆಸರಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ದಾವಣಗೆರೆಯ ವರ್ತಕ ಕುಟುಂಬಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಅಂಡಿಗೆಯ ಮೇಲಿನ ಧರ್ಮದ ಕಾಸು ಎಂದರೇನೆಂಬುದು ವ್ಯಾಪಾರದ ಮನೆಗಳಿಗೆ ತಿಳಿದ ಮಾತೇ.

ಪಾಂಜರಾಪೋಳಗಳಿಗೂ ಒಂದು ಕೊರತೆಯಿತ್ತು. ಅವು ಆಶ್ರಯವನ್ನು ಕೊಟ್ಟವು. ಚಿಕಿತ್ಸೆಯನ್ನು ಎಲ್ಲ ಕಡೆಯೂ ಕೊಡಲಿಲ್ಲ. ಹದಿನಾರನೆಯ ಶತಮಾನದ ಕೊನೆಯಲ್ಲಿ ಖಂಭಾತವನ್ನು ಕಂಡ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ಚನು ಮುದಿಯಾದ, ಕುಂಟಾದ ಪ್ರಾಣಿಗಳನ್ನು ಸಾಯುವವರೆಗೂ ಇಟ್ಟು ಸಾಕುವುದನ್ನು ಬರೆದಿದ್ದಾನೆ. ಕೊಲ್ಲದಿರುವುದಕ್ಕೂ ಗುಣಪಡಿಸುವುದಕ್ಕೂ ಇರುವ ಅಂತರವನ್ನು ಮುಂದಿನ ತಲೆಮಾರುಗಳು ತುಂಬಬೇಕಾಯಿತು. ಮುಂಬಯಿಯ ಪರೇಲಿನಲ್ಲಿ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ಔದಾರ್ಯದಿಂದ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆಯು ನಿರ್ಮಾಣವಾಗಿ, 1886ರಲ್ಲಿ ಅದರ ಆವರಣದಲ್ಲಿಯೇ ಪಶುವೈದ್ಯ ಕಾಲೇಜು ಆರಂಭವಾಯಿತು. 1929ರಲ್ಲಿ ದೆಹಲಿಯ ಜೈನಸಮಾಜವು ಹಕ್ಕಿಗಳ ಧರ್ಮಾಸ್ಪತ್ರೆಯನ್ನು ತೆರೆಯಿತು. ಚಾಂದನಿಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಅದು ಶುಲ್ಕವಿಲ್ಲದೆ ನಡೆಯುತ್ತಿದೆ. ಗಾಳಿಪಟದ ದಾರಕ್ಕೆ ರೆಕ್ಕೆ ಕುಯ್ದುಕೊಂಡ ಪಾರಿವಾಳದ ಬೆಲೆ ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಪರದೇಶಗಳಲ್ಲಿಯೂ ಇಂಥ ಯತ್ನಗಳಾದವು. 1917ರಲ್ಲಿ ಲಂಡನ್ನಿನ ಬಡವರ ಕೇರಿಯಾದ ವೈಟ್‌ಚಾಪೆಲ್‌ನಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆಯು, ಹಣವಿಲ್ಲದವರ ಸಾಕುಪ್ರಾಣಿಗಳಿಗೆ ಉಚಿತ ಚಿಕಿತ್ಸೆಯ ಕೇಂದ್ರವನ್ನು ತೆರೆದಳು. ಪ್ರಾಣಿಯನ್ನು ಪ್ರೀತಿಸುವ ಬಡವನು ಅದರ ನೋವನ್ನು ಕೈಕಟ್ಟಿಕೊಂಡು ನೋಡಬೇಕಾಗಬಾರದೆಂಬುದು ಅದರ ಹಿಂದಿನ ವಿಚಾರ.

ಸ್ವತಂತ್ರ ಭಾರತದ ಕಾನೂನು ಈ ನೀತಿಗೆ ಬಲವನ್ನು ಕೊಟ್ಟಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಒಡೆಯನು ತನ್ನ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯವನ್ನು ಒದಗಿಸದಿರುವುದು ಅಪರಾಧ. ಅಣುವ್ರತದ ಅತಿಚಾರವು ದಂಡಸಂಹಿತೆಯ ಮಾತಿನಲ್ಲಿ ಮತ್ತೆ ಕಾಣಿಸಿಕೊಂಡಂತೆ ಇದೆ. 1962ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಅಧ್ಯಕ್ಷತೆಯಲ್ಲಿ ಪ್ರಾಣಿಕಲ್ಯಾಣ ಮಂಡಳಿಯು ಸ್ಥಾಪಿತವಾಯಿತು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ಅನುಕಂಪವೂ ಒಂದು. ಆದರೆ ಕಾನೂನು ಕ್ರೌರ್ಯವನ್ನು ತಡೆಯಬಲ್ಲದೇ ಹೊರತು ರಾತ್ರಿಯ ಹೊತ್ತಿನಲ್ಲಿ ಎಕ್ಸ್‌ರೇಯ ಹಣವನ್ನು ಕಟ್ಟಲಾರದು.

ಇಂದಿನ ಕರ್ತವ್ಯ

ಆದ್ದರಿಂದ ಗೃಹಸ್ಥನ ಲೆಕ್ಕವು ಮೊಲವನ್ನು ಮನೆಗೆ ತರುವ ದಿನದಿಂದಲೇ ಆರಂಭವಾಗಬೇಕು. ಪ್ರಾಣಿಯ ಬೆಲೆಯು ಅಂಗಡಿಯಲ್ಲಿ ಕೊಟ್ಟ ಹಣವಲ್ಲ. ಎಂಟು ಹತ್ತು ವರ್ಷ ಬದುಕಬಲ್ಲ ಒಂದು ಜೀವಕ್ಕೆ ಬೇಕಾಗುವ ಹುಲ್ಲು, ನೆರಳು, ಔಷಧಗಳ ಒಟ್ಟು ವೆಚ್ಚ. ಅದನ್ನು ಹೊರಲಾಗದಿದ್ದರೆ ತರದಿರುವುದೇ ಮೊದಲನೆಯ ದಯೆ. ತಂದವರು ತಿಂಗಳಿಗೊಂದು ಸಣ್ಣ ಮೊತ್ತವನ್ನು ಅದರ ಚಿಕಿತ್ಸೆಗೆಂದೇ ಪ್ರತ್ಯೇಕವಾಗಿ ತೆಗೆದಿಡುವುದು ಹಳೆಯ ಲಾಗಾದ ಹೊಸ ರೂಪವಾಗುತ್ತದೆ. ಗಂಡುಹೆಣ್ಣುಗಳನ್ನು ಜೊತೆಯಲ್ಲಿಟ್ಟರೆ ಒಂದೊಂದು ತಿಂಗಳಿಗೆ ಒಂದೊಂದು ಸೂಲಿನ ಮರಿಗಳಾಗಿ ಹೊಣೆಯು ಕೈಮೀರುವುದನ್ನೂ ಮರೆಯಬಾರದು. ಮೊಲವನ್ನು ನೋಡಬಲ್ಲ ವೈದ್ಯರು ಯಾರು, ರಾತ್ರಿ ಸಿಗುವವರು ಯಾರು ಎಂಬುದನ್ನು ಅದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಬೇಕು. ಊರಿನ ಸರ್ಕಾರಿ ಪಶುಆಸ್ಪತ್ರೆ ಹತ್ತಿರದ್ದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ.

ಬಸದಿ, ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಅನೇಕ ಕಡೆ ಜೀವದಯೆಯ ಹುಂಡಿಯಿದೆ. ಅದರ ಹಣವು ಗೋಶಾಲೆಗೆ, ಹಕ್ಕಿಗಳ ಕಾಳಿಗೆ ಸಲ್ಲುತ್ತದೆ, ಸಲ್ಲಬೇಕಾದುದೇ. ಅದರಲ್ಲಿ ಒಂದು ಸಣ್ಣ ಪಾಲನ್ನು ಸಣ್ಣ ಪ್ರಾಣಿಗಳ ತುರ್ತುಚಿಕಿತ್ಸೆಗೆ ಮೀಸಲಿಟ್ಟರೆ, ಮಗುವಿನ ಮೊಲವನ್ನು ಹಿಡಿದು ಬಂದ ಬಡಕುಟುಂಬವು ಹಣದ ಕಾರಣದಿಂದ ಹಿಂದಿರುಗಬೇಕಾಗುವುದಿಲ್ಲ. ಜಾತಿಮತಗಳನ್ನು ನೋಡದೆ ಅದನ್ನು ಕೊಡಬೇಕು. ಮುಂಬಯಿಯಲ್ಲಿ ಪಾರ್ಸಿಯೂ ಜೈನನೂ ಕೂಡಿಯೇ ಕಟ್ಟಿದರು. ನೆರವು ವೈದ್ಯರಿಗೆ ನೇರವಾಗಿ ಸಂದಾಯವಾಗಲಿ, ಲೆಕ್ಕವು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಲ್ಪಡಲಿ. ಸಾಕಲಾರದೆ ಬಿಟ್ಟುಹೋಗುವವರಿಗೆ ಇದು ದಾರಿಯಾಗಬಾರದು. ಸಾಕುತ್ತಿರುವವರ ಕೈ ಸೋತಾಗ ಹಿಡಿಯುವ ಆಸರೆಯಾಗಬೇಕು.

ಚಿಕಿತ್ಸೆಯೆಲ್ಲವೂ ಫಲಿಸುವುದಿಲ್ಲ. ಗುಣವಾ​ಗದ ನೋವಿನ ಮುಂದೆ ಏನು ಮಾಡಬೇಕೆಂಬುದು ಕಠಿನವಾದ ಪ್ರಶ್ನೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವಿನ ಪ್ರಾಣವನ್ನು ಮದ್ದಿನಿಂದ ಕೊನೆಗಾಣಿಸಲು ಗಾಂಧೀಜಿಯವರು ಒಪ್ಪಿದಾಗ ಜೈನರಿಂದ ತೀವ್ರವಾದ ವಿರೋಧ ಬಂದಿತು. ಆ ವಾದವು ಇಂದಿಗೂ ಮುಗಿದಿಲ್ಲ. ಆದರೆ ಪ್ರಾಣವನ್ನು ತೆಗೆಯಬಾರದೆಂದು ಹೇಳುವವರ ಮೇಲೆ ನೋವನ್ನು ಕಳೆಯುವ ಹೊಣೆಯು ಇಮ್ಮಡಿಯಾಗುತ್ತದೆ. ನೋವುನಿವಾರಕ ಔಷಧಕ್ಕೂ ಹಣ ಬೇಕು. ಖರ್ಚನ್ನು ಉಳಿಸುವ ಮನಸ್ಸು ಸಿದ್ಧಾಂತದ ವೇಷವನ್ನು ಧರಿಸಬಾರದು.

'ಜ್ಞಾತೃಧರ್ಮಕಥಾ'ದಲ್ಲಿ ಬರುವ ಮೇಘಕುಮಾರನ ಪೂರ್ವಜನ್ಮದ ಕಥೆಯನ್ನು ಜೈನ ಮಕ್ಕಳೆಲ್ಲರೂ ಕೇಳಿರುತ್ತಾರೆ. ಕಾಡುಗಿಚ್ಚಿಗೆ ಹೆದರಿ ಬಯಲಿನಲ್ಲಿ ಕಿಕ್ಕಿರಿದ ಪ್ರಾಣಿಗಳ ನಡುವೆ ಆನೆಯೊಂದು ಮೈ ತುರಿಸಿಕೊಳ್ಳಲೆಂದು ಕಾಲೆತ್ತಿತು. ಖಾಲಿಯಾದ ಆ ಜಾಗಕ್ಕೆ ಒಂದು ಮೊಲವು ನುಗ್ಗಿತು. ಅದನ್ನು ತುಳಿಯಬಾರದೆಂದು ಆನೆಯು ಎರಡೂವರೆ ದಿನ ಕಾಲನ್ನು ಎತ್ತಿಯೇ ನಿಂತಿತು. ಕಿಚ್ಚು ಆರಿದಾಗ ಮೊಲವು ಓಡಿಹೋಯಿತು. ಮರಗಟ್ಟಿದ ಕಾಲನ್ನು ಊರಲಾರದೆ ಆನೆಯು ನೆಲಕ್ಕುರುಳಿತು. ಕಥೆಯಲ್ಲಿ ಮೊಲವು ಕೃತಜ್ಞತೆಯನ್ನು ಹೇಳಿದಂತಿಲ್ಲ. ಆನೆಯು ಕೂಡ ಮೊಲದ ಬೆಲೆಯನ್ನು ಎಣಿಸಲಿಲ್ಲ. ತನ್ನ ಕಾಲ ಕೆಳಗೆ ಬಂದ ಜೀವವು ತನ್ನ ಹೊಣೆಯೆಂದು ತಿಳಿದು, ಅದರ ವೆಚ್ಚವನ್ನು ತನ್ನ ಮೈಯಿಂದಲೇ ತೆತ್ತಿತು. ಇಂದಿನ ಗೃಹಸ್ಥನಿಂದ ಧರ್ಮವು ಅಷ್ಟನ್ನು ಕೇಳುತ್ತಿಲ್ಲ. ಒಂದು ಹಿಡಿ ಹುಲ್ಲು, ರಾತ್ರಿಯ ಒಂದು ಎಚ್ಚರ, ಮುಂಚೆಯೇ ತೆಗೆದಿಟ್ಟ ಸ್ವಲ್ಪ ಹಣ, ಇಷ್ಟನ್ನು ಮಾತ್ರ ಕೇಳುತ್ತಿದೆ.